ಹೊಗೆಯಿಲ್ಲದ ವ್ಯಾಪಾರವೂ ಬಂಡವಾಳಗಾರರ ಲೆಕ್ಕವೂ

ಹೊಗೆಸೊಪ್ಪಿನ ವ್ಯಾಪಾರದಲ್ಲಿ ಈಗ ಒಂದು ದೊಡ್ಡ ಮಾರ್ಪಾಡು ನಡೆಯುತ್ತಲಿರುವುದು. ಬೀಡಿಯಂತೆ ಸೇದುವುದಲ್ಲ, ಕಡ್ಡಿಪುಡಿಯಂತೆ ಅಗಿಯುವುದೂ ಅಲ್ಲ. ತುಟಿಗೂ ವಸಡಿಗೂ ನಡುವೆ ಇರಿಸಿಕೊಳ್ಳತಕ್ಕ ಪುಟ್ಟ ಬಿಳಿಯ ಪೊಟ್ಟಣವೊಂದು ಪಾಶ್ಚಾತ್ಯ ದೇಶಗಳ ಪೇಟೆಯನ್ನು ಆಕ್ರಮಿಸುತ್ತಿದೆ. ಇದರಲ್ಲಿ ಎಲೆಯಿಲ್ಲ, ನಿಕೋಟಿನ್ ಸತ್ತ್ವ, ಸಸ್ಯದ ನಾರು, ಪುದೀನ ಮುಂತಾದ ಪರಿಮಳ, ಇಷ್ಟೇ.

ಸ್ವೀಡಿಷ್ ಮ್ಯಾಚ್ ಕಂಪೆನಿಯವರು 2014ರಲ್ಲಿ ‘ಜಿನ್’ ಎಂಬ ಈ ಸರಕನ್ನು ಅಮೆರಿಕಾಕ್ಕೆ ತಂದರು. 2022ರಲ್ಲಿ ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್‌ನವರು ಸುಮಾರು 1,600 ಕೋಟಿ ಡಾಲರು ಕೊಟ್ಟು ಆ ಕಂಪೆನಿಯನ್ನೇ ಕೊಂಡರು. ಆ ದೇಶದಲ್ಲಿ 2023ರಲ್ಲಿ ಸುಮಾರು 38 ಕೋಟಿಯಷ್ಟಿದ್ದ ಡಬ್ಬಿಗಳ ರವಾನೆ 2024ರಲ್ಲಿ 58 ಕೋಟಿಗೆ ಏರಿತು. 2025ರ ಜನವರಿ 16ರಂದು ಅಲ್ಲಿಯ ಆಹಾರ ಮತ್ತು ಔಷಧ ಇಲಾಖೆಯವರು ಈ ಹೆಸರಿನ 20 ಬಗೆಗಳಿಗೆ ಮಾರಾಟದ ಅನುಮತಿಯನ್ನಿತ್ತರು. ಅನುಮತಿಯೆಂದರೆ ನಿರಪಾಯವೆಂಬ ಪ್ರಮಾಣಪತ್ರವಲ್ಲವೆಂಬುದನ್ನು ವಾಚಕರು ಮರೆಯಬಾರದು.

ಪಾಲುದಾರರಿಗೆ ಇದರಿಂದ ಲಾಭವೋ ನಷ್ಟವೋ? ಉತ್ತರವು ಎಲ್ಲರಿಗೂ ಒಂದೇ ಅಲ್ಲ. ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್‌ನವರು 2008ರ ವಿಭಜನೆಯ ತರುವಾಯ ಅಮೆರಿಕಾದಲ್ಲಿ ಸಿಗರೇಟು ಮಾರುವವರಲ್ಲ. ಅವರಿಗೆ ಅಲ್ಲಿ ಮಾರಿದ ಪ್ರತಿಯೊಂದು ಡಬ್ಬಿಯೂ ಹೊಸ ವರಮಾನ. ಅದೇ ದೇಶದಲ್ಲಿ ಮಾರ್ಲ್‌ಬರೋ ಸಿಗರೇಟನ್ನೂ ನಸ್ಯವನ್ನೂ ಮಾರುವ ಆಲ್ಟ್ರಿಯಾ ಕಂಪೆನಿಗಾದರೋ, ಈ ಪೊಟ್ಟಣವು ತನ್ನ ಹಳೆಯ ಗಿರಾಕಿಯನ್ನೇ ಕಸಿಯುವ ಪ್ರತಿಸ್ಪರ್ಧಿ. ಬ್ರಿಟಿಷ್ ಅಮೆರಿಕನ್ ಟೊಬ್ಯಾಕೋ ಕಂಪೆನಿಯವರು 2023ರ ಡಿಸೆಂಬರಿನಲ್ಲಿ ತಮ್ಮ ಅಮೆರಿಕಾದ ಸಿಗರೇಟು ಹೆಸರುಗಳ ಮೌಲ್ಯದಲ್ಲಿ ಸುಮಾರು 2,500 ಕೋಟಿ ಪೌಂಡುಗಳನ್ನು ತಗ್ಗಿಸಬೇಕಾಗುವುದೆಂದು ಒಪ್ಪಿಕೊಂಡರು. ಹಳೆಯ ಮನೆ ಕುಸಿಯುತ್ತಿದೆಯೆಂದು ಒಡೆಯನೇ ಸಾರಿದಂತಾಯಿತು.

ಆದರೆ ಹೊಸ ಮನೆಯ ತಳಹದಿಯೂ ಭದ್ರವೆನ್ನಲಾಗದು. ಆಲ್ಟ್ರಿಯಾದವರು 2018ರಲ್ಲಿ ಜೂಲ್ ಎಂಬ ವಿದ್ಯುತ್ ಸಿಗರೇಟಿನ ಕಂಪೆನಿಯಲ್ಲಿ ನೂರಕ್ಕೆ 35 ಪಾಲಿಗಾಗಿ 1,280 ಕೋಟಿ ಡಾಲರು ಸುರಿದರು. ಬಾಲಕರು ಆ ಚಟಕ್ಕೆ ಬಿದ್ದರೆಂದು ದೇಶವೆಲ್ಲ ಕೂಗೆದ್ದಿತು; ಕಾನೂನು ಬಿಗಿಯಾಯಿತು. 2023ರಲ್ಲಿ ಆ ಪಾಲನ್ನು ಬಿಟ್ಟುಕೊಡುವಾಗ ಅದರ ಬೆಲೆ ಸುಮಾರು 25 ಕೋಟಿ ಡಾಲರಿಗೆ ಇಳಿದಿತ್ತು. ಪೊಟ್ಟಣಕ್ಕೂ ಅದೇ ಭಯವಿದೆ. 2023ರಲ್ಲಿ ಬೆಲ್ಜಿಯಂ ಇದರ ಮಾರಾಟವನ್ನೇ ನಿಷೇಧಿಸಿತು. 2024ರ ಅಮೆರಿಕಾದ ಗಣತಿಯಲ್ಲಿ ಶಾಲಾ ವಿದ್ಯಾರ್ಥಿಗಳ ಪೈಕಿ ನೂರಕ್ಕೆ 1.8 ಮಂದಿ ಇದನ್ನು ಬಳಸುವವರಾಗಿಯೂ, 1.4 ಮಂದಿ ಸಿಗರೇಟು ಸೇದುವವರಾಗಿಯೂ ಕಂಡುಬಂದರು. ಮಕ್ಕಳ ಬಾಯಿಯನ್ನು ನೆಚ್ಚಿದ ಲಾಭವು ಒಂದು ಆಜ್ಞೆಯಿಂದ ಕರಗಿಹೋಗತಕ್ಕದ್ದು.

ಇದು ದೂರದ ಸುದ್ದಿಯೆಂದು ನಮ್ಮವರು ಉಪೇಕ್ಷಿಸಲಾಗದು. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೋ ಎಂಬ ಪರಕೀಯ ನಾಮಧೇಯದಿಂದ ಹುಟ್ಟಿದ ಐ.ಟಿ.ಸಿ. ಕಂಪೆನಿಯಲ್ಲಿ ಮೇಲೆ ಹೇಳಿದ ಬ್ರಿಟಿಷ್ ಕಂಪೆನಿಯವರಿಗೆ ದೊಡ್ಡ ಪಾಲಿತ್ತು. ಅದರಲ್ಲಿ ನೂರಕ್ಕೆ 3.5ರಷ್ಟನ್ನು 2024ರ ಮಾರ್ಚಿಯಲ್ಲಿಯೂ 2.5ರಷ್ಟನ್ನು 2025ರ ಮೇ ತಿಂಗಳಲ್ಲಿಯೂ ಅವರು ಮಾರಿದರು. ನಮ್ಮ ಜೀವ ವಿಮಾ ನಿಗಮವೂ ಅಲ್ಲಿ ದೊಡ್ಡ ಪಾಲುದಾರ. ಅಂದಮೇಲೆ, ಸಿಗರೇಟನ್ನು ಮುಟ್ಟದ ಗೃಹಸ್ಥನ ವಿಮೆಯ ಕಂತೂ ಆ ಹೊಗೆಯಲ್ಲಿ ಬೆರೆತಿದೆ.

ಎಲ್ಲಕ್ಕಿಂತಲೂ ಹೆಚ್ಚಾಗಿ ನಮ್ಮನ್ನು ಚಿಂತೆಗೀಡುಮಾಡುವುದು ಹುಣಸೂರು, ಪಿರಿಯಾಪಟ್ಟಣಗಳ ಒಕ್ಕಲಿಗನ ಸ್ಥಿತಿ. ಅವನ ಎಲೆ ಸಿಗರೇಟಿಗಾಗಿ ಬೆಳೆದದ್ದು. ಪೊಟ್ಟಣಕ್ಕೆ ಎಲೆ ಬೇಡ, ಸತ್ತ್ವ ಸಾಕು, ಅದನ್ನೂ ರಸಾಯನಶಾಲೆಯಲ್ಲಿ ತಯಾರಿಸಬಲ್ಲರು. ಬಂಡವಾಳಗಾರನು ಬೆಳಗ್ಗೆ ಷೇರು ಮಾರಿ ಸಂಜೆಗೆ ನಿಶ್ಚಿಂತನಾಗಬಹುದು. ಸಾಲ ಮಾಡಿ ಹದಗೊಲೆ ಕಟ್ಟಿಸಿ ಸೊಪ್ಪು ಬೇಯಿಸುವವನು ತನ್ನ ಹೊಲವನ್ನು ಯಾರಿಗೆ ಮಾರಿಯಾನು? ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಲು ಉತ್ತೇಜನ ಕೊಡಬೇಕೆಂಬ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು 2004ರಲ್ಲಿಯೇ ಸಮ್ಮತಿಯಿತ್ತಿದೆ. ಪೇಟೆ ಕುಸಿದಮೇಲೆ ಪರಿಹಾರ ಹಂಚುವುದಕ್ಕಿಂತ, ಬೇಡಿಕೆ ಇನ್ನೂ ಇರುವಾಗಲೇ ಬೇರೆ ಬೆಳೆಗೆ ನೀರು, ಸಾಲ, ಮಾರುಕಟ್ಟೆಗಳನ್ನು ಏರ್ಪಡಿಸುವುದು ಮಿಗಿಲು. ಸರ್ಕಾರದವರೂ ಹೊಗೆಸೊಪ್ಪಿನ ಮಂಡಲಿಯವರೂ ಈ ಕಡೆ ಲಕ್ಷ್ಯವಿಡಬೇಕೆಂದು ಆಗ್ರಹಪಡಿಸುತ್ತೇವೆ. ಷೇರು ಕೊಳ್ಳುವ ಮಹನೀಯರಾದರೂ, ಲಾಭಾಂಶವನ್ನು ಎಣಿಸುವ ಮುನ್ನ ಅದು ಯಾರ ಬಾಯಿಂದ ಬಂದದ್ದು, ಯಾರ ಹೊಲದಿಂದ ಹೋದದ್ದು ಎಂಬುದನ್ನೂ ಎಣಿಸಲಿ.