ಟ್ಯಾಂಕಿನ ಲೆಕ್ಕ, ದಾರಿಯ ಲೆಕ್ಕ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಮತ್ತು ಅದರ ಸುತ್ತಲಿನ ಹಳ್ಳಿಗಳ ವ್ಯವಹಾರ ಒಂದೇ ಪಟ್ಟಣವನ್ನು ನಂಬಿ ನಡೆಯುವುದಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುದರಿಂದ, ಕಚೇರಿಯ ಕೆಲಸ ದಾವಣಗೆರೆಗೆ ವರ್ಗವಾದರೂ ಮಂಡಿ, ಆಸ್ಪತ್ರೆ, ನೆಂಟಸ್ತನಗಳು ಹಳೆಯ ದಿಕ್ಕನ್ನು ಬಿಟ್ಟುಕೊಟ್ಟಿಲ್ಲ. ಮುಂದೆ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿಯೂ ತಾಲ್ಲೂಕಾದ ಮೇಲೆ ಓಡಾಟದ ದಾರಿಗಳು ಇನ್ನಷ್ಟು ಕವಲೊಡೆದಿವೆ. ಬಸ್ಸಿನ ವೇಳೆಗೆ ಹೊಂದದ ಈ ಓಡಾಟವನ್ನು ಹೊತ್ತಿರುವುದು ನೂರು, ನೂರಿಪ್ಪತ್ತೈದು ಸಿಸಿಯ ಬೈಕುಗಳು ಮತ್ತು ಗೇರಿಲ್ಲದ ಎಕ್ಸೆಲ್ ಗಾಡಿಗಳು. ಆದ್ದರಿಂದ ಮೈಲೇಜ್ ಎಂಬುದು ಇಲ್ಲಿ ಗಾಡಿ ಕೊಳ್ಳುವಾಗ ಕೇಳಿ ಮರೆತುಬಿಡುವ ಅಂಕಿಯಲ್ಲ, ತಿಂಗಳ ಮನೆಖರ್ಚಿನ ಒಂದು ಬಾಬು.

ಆ ಖರ್ಚಿನ ಗಾತ್ರವನ್ನು ಅರಿಯಲು ಕಷ್ಟದ ಗಣಿತವೇನೂ ಬೇಕಿಲ್ಲ. ಹೋಗಿಬರಲು ದಿನಕ್ಕೆ 80 ಕಿಲೋಮೀಟರ್ ಓಡುವ ನೌಕರನ ಗಾಡಿ ತಿಂಗಳಿಗೆ 25 ದಿನ ರಸ್ತೆಗಿಳಿದರೆ ಒಟ್ಟು ಓಟ 2,000 ಕಿಲೋಮೀಟರ್. ಲೀಟರಿಗೆ 60 ಕಿಲೋಮೀಟರ್ ಕೊಡುವ ಗಾಡಿಗೆ ಇದಕ್ಕೆ ಸುಮಾರು 33 ಲೀಟರ್ ಸಾಕು, 45 ಕೊಡುವ ಗಾಡಿಗೆ 44 ಲೀಟರ್ ಬೇಕು. ಪೆಟ್ರೋಲಿನ ಬೆಲೆ ನೂರು ರೂಪಾಯಿ ದಾಟಿರುವಾಗ ಈ 11 ಲೀಟರಿನ ಅಂತರವೆಂದರೆ ತಿಂಗಳಿಗೆ ಸಾವಿರದ ನೂರು ರೂಪಾಯಿಗೂ ಮಿಕ್ಕ ಮೊತ್ತ.

ಮೈಲೇಜಿಗೂ ಓಟದ ವ್ಯಾಪ್ತಿಗೂ ಇರುವ ವ್ಯತ್ಯಾಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಮೈಲೇಜ್ ಒಂದು ಲೀಟರಿಗೆ ಸಿಗುವ ದೂರ. ವ್ಯಾಪ್ತಿಯೆಂದರೆ ಟ್ಯಾಂಕ್ ಫುಲ್ ಮಾಡಿಸಿದ ಬಂಕಿನಿಂದ ಮತ್ತೆ ಬಂಕಿಗೆ ಹೋಗಲೇಬೇಕಾಗುವವರೆಗಿನ ದೂರ, ಅಂದರೆ ಟ್ಯಾಂಕಿನ ಗಾತ್ರವನ್ನು ಮೈಲೇಜಿನಿಂದ ಗುಣಿಸಿದರೆ ಬರುವ ಫಲ. ಸ್ಪ್ಲೆಂಡರ್ ಪ್ಲಸ್ ಬೈಕಿನ ಟ್ಯಾಂಕು 9.8 ಲೀಟರಿನದು, 60ರ ಮೈಲೇಜಿನಲ್ಲಿ ಅದು 580 ಕಿಲೋಮೀಟರಿಗೂ ಹೆಚ್ಚು ಓಡಬಲ್ಲದು. ಎಕ್ಸೆಲ್ 100ರ ಟ್ಯಾಂಕು ಕೇವಲ 4 ಲೀಟರಿನದಾದ್ದರಿಂದ ಅದು 55 ಕೊಟ್ಟರೂ 220ಕ್ಕೆ ನಿಲ್ಲುತ್ತದೆ. 13 ಲೀಟರಿನ ಬುಲೆಟ್ 35 ಮಾತ್ರ ಕೊಟ್ಟರೂ 455 ಕಿಲೋಮೀಟರ್ ಓಡುತ್ತದೆ. ಕಡಿಮೆ ಕುಡಿಯುವ ಗಾಡಿಯೇ ದೂರ ಹೋಗುವ ಗಾಡಿ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ಹುಸಿಯಾಗುತ್ತದೆ.

ಕರ್ನಾಟಕದ ಬೈಕ್ ಚರಿತ್ರೆಯಲ್ಲಿ ಮೈಲೇಜ್ ಮುನ್ನೆಲೆಗೆ ಬಂದದ್ದು ತಡವಾಗಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಬೈಕುಗಳಲ್ಲಿ ಇದ್ದುದು ಟೂ ಸ್ಟ್ರೋಕ್ ಎಂಜಿನ್. ಸುಟ್ಟ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಇಂಧನ ಒಳಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುವುದು ಈ ಎಂಜಿನ್ನಿನ ಸ್ವಭಾವ. ಹಾಗಾಗಿ ಉರಿಯದ ಪೆಟ್ರೋಲಿನ ಒಂದು ಪಾಲು ಸೈಲೆನ್ಸರಿನ ಮೂಲಕ ಹೊರಗೇ ಹೋಗಿಬಿಡುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಅದರ ಪುಟ್ಟ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟಗಳು ಇಂಧನದ ಹೋಗುಬರವನ್ನು ಬಿಗಿಯಾಗಿ ಕಾಯುತ್ತಿದ್ದವು, ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸವೂ ತಪ್ಪಿತು. ಯೆಜ್ಡಿಯ ದನಿಯನ್ನು ಪ್ರೀತಿಸಿದವರು ಇಂದಿಗೂ ಇದ್ದಾರೆ, ಆ ಪ್ರೀತಿಗೆ ಕಾರಣವೂ ಇದೆ. ಆದರೆ ಹಳ್ಳಿಯ ನೌಕರ ಮತ್ತು ಸಣ್ಣ ರೈತನ ಕೈಗೆ ಬೈಕನ್ನು ತಂದುಕೊಟ್ಟ ಕೀರ್ತಿ ಆ ನೂರು ಸಿಸಿಯ ಸಾಧಾರಣ ಗಾಡಿಗೇ ಸಲ್ಲಬೇಕು.

ಕಂಪನಿ ಹೇಳುವ ಮೈಲೇಜ್ ಊರಿನಲ್ಲಿ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಪರೀಕ್ಷೆಯ ವಿಧಾನದಲ್ಲಿದೆ. ಪ್ರಮಾಣೀಕೃತ ಅಂಕಿ ಹುಟ್ಟುವುದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ನಿಲ್ಲಿಸಿದ ಗಾಡಿಯನ್ನು ನಿಗದಿಪಡಿಸಿದ ವೇಗಗಳ ಕ್ರಮದಲ್ಲಿ ಓಡಿಸಿದಾಗ. ಅಲ್ಲಿ ಏರು, ಗುಂಡಿ, ಎದುರುಗಾಳಿ, ಹಿಂದಿನ ಸೀಟಿನ ಮನುಷ್ಯ ಯಾವುದೂ ಇಲ್ಲ. ಚನ್ನಗಿರಿಯ ಅಡಿಕೆ ತೋಟಗಳ ನಡುವೆಯೋ ಭದ್ರಾ ನಾಲೆಯ ಏರಿಯ ಮೇಲೋ ಸಾಗುವ ಗಾಡಿ ಮಣ್ಣುದಾರಿಯಲ್ಲಿ ಎರಡನೆಯ ಗೇರಿನಿಂದ ಮೇಲೇಳುವುದೇ ಅಪರೂಪ, ಅದರ ಬೆನ್ನಿಗೆ ಹಾಲಿನ ಕ್ಯಾನೋ ಗೊಬ್ಬರದ ಚೀಲವೋ ಹಸಿಹುಲ್ಲಿನ ಹೊರೆಯೋ ಇರುತ್ತದೆ. ನಿಂತ ಗಾಡಿಯನ್ನು ಚಾಲನೆಗೆ ತರುವಾಗ ಖರ್ಚಾಗುವ ಶಕ್ತಿ ಒಟ್ಟು ತೂಕಕ್ಕೆ ನೇರ ಪ್ರಮಾಣದಲ್ಲಿರುವುದರಿಂದ, ಹೆಜ್ಜೆಹೆಜ್ಜೆಗೆ ನಿಂತು ಹೊರಡುವ ಹೊರೆಗಾಡಿಯ ಮೈಲೇಜ್ ಕುಸಿದೇ ಕುಸಿಯುತ್ತದೆ. ದೇಶದ ಎಷ್ಟೋ ಬೈಕುಗಳು ನಿಜವಾಗಿ ಮಾಡುವ ಈ ಕೆಲಸಕ್ಕೆ, ಅಂದರೆ ಇಬ್ಬರನ್ನೋ ಹೊರೆಯನ್ನೋ ಹೊತ್ತ ಓಟಕ್ಕೆ, ಪ್ರತ್ಯೇಕ ಅಂಕಿಯನ್ನು ಪ್ರಕಟಿಸುವ ಪದ್ಧತಿ ಬರಬೇಕಾದುದು ನ್ಯಾಯ.

ಜಗಳೂರಿನ ಕಡೆಗೆ ಹೋದರೆ ಲೆಕ್ಕ ಇನ್ನೊಂದು ಬಗೆಯದು. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವಷ್ಟು ಗಾಳಿಯಿರುವ ಬಯಲುಸೀಮೆ ಅದು, ಆಷಾಢದಲ್ಲಂತೂ ಬೀಸು ಎಡೆಬಿಡದೆ ಇರುತ್ತದೆ. ಗಾಡಿಯನ್ನು ತಡೆಯುವ ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಎಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಸವಾರನಿಗೆ 20 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ಗಾಡಿಯ ಪಾಲಿಗೆ ಅದು 70ರ ಗಾಳಿ. ತಡೆಯ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗಿದ್ದರೆ ತಡೆ ಮೂರರಲ್ಲೊಂದರ ಆಸುಪಾಸಿಗೆ ಇಳಿಯುವುದಾದರೂ, ಹೋಗುವಾಗಿನ ನಷ್ಟವನ್ನು ಆ ಲಾಭ ಪೂರ್ತಿ ತುಂಬಿಕೊಡುವುದಿಲ್ಲ. ಟೈರಿನ ಘರ್ಷಣೆ ಮತ್ತು ಎಂಜಿನ್ನಿನ ಒಳಗಿನ ನಷ್ಟಗಳು ಗಾಳಿಯೊಂದಿಗೆ ಬದಲಾಗದ ಕಾರಣ ಪೆಟ್ರೋಲಿನ ಖರ್ಚೇನೂ ಇಮ್ಮಡಿಯಾಗದು. ಆದರೂ ಗಾಳಿಗೆ ಎದುರಾಗಿ ಆಕ್ಸಿಲರೇಟರ್ ತಿರುಚುತ್ತಲೇ ಹೋಗುವ ಸವಾರನ ಮೈಲೇಜ್ ಎದ್ದುಕಾಣುವಷ್ಟು ಇಳಿಯುತ್ತದೆ, ಸ್ವಲ್ಪ ವೇಗ ತಗ್ಗಿಸಿದವನಿಗೆ ಅದರಲ್ಲಿ ಒಂದು ಪಾಲು ಮರಳಿ ದಕ್ಕುತ್ತದೆ.

ಬೆಂಗಳೂರಿನಿಂದ ಹಬ್ಬಕ್ಕೆ ಬೈಕಿನಲ್ಲೇ ಊರಿಗೆ ಬರುವ ಯುವಕರಿಗೂ ಇದೇ ನಿಯಮ ಅನ್ವಯಿಸುತ್ತದೆ. ದಾವಣಗೆರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿಲೋಮೀಟರ್. ಸ್ಪ್ಲೆಂಡರಿಗೆ ಅರ್ಧ ಟ್ಯಾಂಕಿನ ಓಟವಾದ ಇದು, 5.3 ಲೀಟರಿನ ಆಕ್ಟಿವಾಕ್ಕೆ 45ರ ಮೈಲೇಜಿನಲ್ಲೂ ಒಂದೇ ಟ್ಯಾಂಕಿನಲ್ಲಿ ಮುಗಿಯುವುದಿಲ್ಲ. ನಲವತ್ತೈದು, ಐವತ್ತರಲ್ಲಿ ಹಿತವಾಗಿ ಓಡುವ ನೂರು ಸಿಸಿಯ ಎಂಜಿನ್ನನ್ನು ಹೆದ್ದಾರಿಯಲ್ಲಿ ಎಂಬತ್ತಕ್ಕೆ ಏರಿಸಿ ಗಂಟೆಗಟ್ಟಲೆ ಓಡಿಸಿದರೆ ನಿತ್ಯದ ಓಡಾಟದ ಅಂಕಿ ನೆಚ್ಚಿಕೊಳ್ಳುವಂತಿರುವುದಿಲ್ಲ. ದೂರದ ಪ್ರಯಾಣಕ್ಕೆ ಲೆಕ್ಕದ ವ್ಯಾಪ್ತಿಯ ನಾಲ್ಕರಲ್ಲಿ ಮೂರು ಪಾಲನ್ನಷ್ಟೇ ನಂಬುವುದು ಲೇಸು.

ಉಳಿದ ಒಂದು ಪಾಲನ್ನು ಹಿಂದೆ ಗಾಡಿಯೇ ಕಾಯುತ್ತಿತ್ತು. ಕಾರ್ಬ್ಯುರೇಟರ್ ಕಾಲದ ಬೈಕಿನ ಎಡತೊಡೆಯ ಹತ್ತಿರ, ಟ್ಯಾಂಕಿನ ಕೆಳಗೆ ಇರುತ್ತಿದ್ದ ಪೆಟ್ರೋಲ್ ಕಾಕಿಗೆ ಆನ್, ಆಫ್, ರಿಸರ್ವ್ ಎಂಬ ಮೂರು ಸ್ಥಾನಗಳು. ಅದನ್ನು ಬಿಚ್ಚಿ ನೋಡಿದರೆ ಟ್ಯಾಂಕಿನೊಳಗೆ ಮೇಲೇಳುವ ಉದ್ದದ ಕೊಳವೆಯೊಂದು, ತಳದಲ್ಲೇ ಬಾಯಿ ತೆರೆದ ದಾರಿಯೊಂದು ಕಾಣುತ್ತವೆ; ಆನ್‌ನಲ್ಲಿ ಪೆಟ್ರೋಲು ಉದ್ದದ ಕೊಳವೆಯ ತುದಿಯಿಂದ ಮಾತ್ರ ಇಳಿಯುವುದರಿಂದ, ಮಟ್ಟ ಆ ತುದಿಗಿಂತ ಕೆಳಗಾದೊಡನೆ ಎಂಜಿನ್ ಮುಕ್ಕರಿಸುತ್ತದೆ. ಆಗ ಸವಾರ ಬಗ್ಗಿ ನೋಡುವ ಗೊಡವೆಯಿಲ್ಲದೆ ಎಡಗೈ ಬೆರಳಿನಿಂದ ಕಾಕನ್ನು ತಿರುಗಿಸಿದರೆ ತಳದಲ್ಲಿ ಉಳಿದ ಸುಮಾರು ಒಂದು ಲೀಟರ್ ಕೈಗೆ ಬರುತ್ತದೆ. ವಿದ್ಯುತ್ತಿನ ಹಂಗಿಲ್ಲದ, ಕೆಡಲು ಹೆಚ್ಚೇನೂ ಇಲ್ಲದ ಈ ಏರ್ಪಾಡು ಬಡವನ ಗಾಡಿಗೆ ದೊರೆತ ಅತ್ಯುತ್ತಮ ಕಾವಲುಗಳಲ್ಲೊಂದು. 2020ರ ಏಪ್ರಿಲ್ 1ರಿಂದ ಬಿಎಸ್ 6 ಮಾನದಂಡ ಜಾರಿಯಾಗಿ, ಕಂಪ್ಯೂಟರ್ ಅಳೆದು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ಬಂದ ಗಾಡಿಗಳಲ್ಲಿ ಕಾಕು ಮಾಯವಾಗಿದೆ. ಅದರ ಬದಲಿಗೆ ಮುಳ್ಳು ಅಥವಾ ಮಿಣುಕುವ ಗೀಟುಗಳು ಎಚ್ಚರಿಸುತ್ತವೆ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ ಆದ ಕಾರಣ ಇಂಥ ಗಾಡಿಯನ್ನು ಪದೇಪದೇ ಒಣಗಿಸಿ ಓಡಿಸಿದರೆ ಪಂಪಿಗೆ ಪೆಟ್ಟು ಬೀಳುತ್ತದೆ, ಬಂಕ್ ದೂರವಿರುವ ಹಳ್ಳಿಯಲ್ಲಿ ಐವತ್ತು ರೂಪಾಯಿಯ ಪೆಟ್ರೋಲಿನಲ್ಲೇ ದಿನ ದೂಡುವವರಿಗೆ ಇದು ಹೊಸ ಖರ್ಚಿನ ದಾರಿ.

ನಿಜವಾದ ಮೈಲೇಜನ್ನು ತಿಳಿಯಲು ಹಳೆಯ ಫುಲ್ ಟ್ಯಾಂಕ್ ವಿಧಾನಕ್ಕಿಂತ ನಂಬಲರ್ಹವಾದುದಿಲ್ಲ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ ಒಂದು ಗುರುತಿನವರೆಗೆ ತುಂಬಿಸಿ, ಮೀಟರ್ ಓದಿಟ್ಟುಕೊಂಡು, ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಅದೇ ಬಂಕಿನಲ್ಲಿ ಅದೇ ಗುರುತಿಗೆ ತುಂಬಿಸಿ, ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಬೇಕು. ಅಂಕಿ ಇಳಿದಿದ್ದರೆ ಮೊದಲು ನೋಡಬೇಕಾದ್ದು ಟೈರಿನ ಗಾಳಿ, ಧೂಳು ಕಟ್ಟಿದ ಏರ್ ಫಿಲ್ಟರ್, ಒಣಗಿದ ಚೈನು. ಸ್ಟ್ಯಾಂಡಿನ ಮೇಲಿರುವಾಗಲೇ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ, ಅದು ಸಲೀಸಾಗಿ ಸುತ್ತದೆ ಉಜ್ಜಿಕೊಂಡು ನಿಂತರೆ ಬ್ರೇಕ್ ಹಿಡಿದಿದೆಯೆಂದು ತಿಳಿಯಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ: ಮೈಲೇಜ್ 60ರಿಂದ 70ಕ್ಕೆ ಏರಿದರೆ ಸಾವಿರ ಕಿಲೋಮೀಟರಿಗೆ ಉಳಿಯುವುದು 2.4 ಲೀಟರ್ ಮಾತ್ರ, ಅದೇ ಹಳೆಯ ಗಾಡಿಯೊಂದು 30ರಿಂದ 40ಕ್ಕೆ ಏರಿದರೆ ಉಳಿತಾಯ 8.3 ಲೀಟರ್. ಹೊಸ ಗಾಡಿಯ ಆಸೆಗಿಂತ ಮೊದಲು ಹಳೆಯದರ ದುರಸ್ತಿಗೆ ಹಣ ಹಾಕುವುದು ಎಷ್ಟೋ ಮನೆಗಳಿಗೆ ಲಾಭಕರ.

ಈಚಿನ ವರ್ಷಗಳಲ್ಲಿ ಪೆಟ್ರೋಲೇ ಬದಲಾಗಿದೆ. 2025ರಲ್ಲಿ ದೇಶವು ಶೇಕಡ 20ರಷ್ಟು ಎಥೆನಾಲ್ ಬೆರಕೆಯನ್ನು ತಲುಪಿತು. ಕಬ್ಬಿನ ಜೊತೆಗೆ ಮೆಕ್ಕೆಜೋಳವೂ ಎಥೆನಾಲಿನ ಕಚ್ಚಾವಸ್ತುವಾಗಿರುವುದರಿಂದ, ಮೆಕ್ಕೆಜೋಳಕ್ಕೆ ಹೆಸರಾದ ದಾವಣಗೆರೆ ಜಿಲ್ಲೆಯ ರೈತ ಈ ಬದಲಾವಣೆಯನ್ನು ಬೆಳೆಗಾರನಾಗಿಯೂ ಸವಾರನಾಗಿಯೂ ಎದುರಿಸುತ್ತಿದ್ದಾನೆ. ಎಥೆನಾಲಿನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನದಕ್ಕಿಂತ ಮೂರನೆಯ ಒಂದರಷ್ಟು ಕಡಿಮೆ. ಶುದ್ಧ ಪೆಟ್ರೋಲಿಗೆಂದು ರೂಪಿಸಿ ಶೇಕಡ 10ರ ಬೆರಕೆಗೆ ಹೊಂದಿಸಿದ ದ್ವಿಚಕ್ರ ವಾಹನಗಳ ಮೈಲೇಜ್ ಶೇಕಡ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಸ್ಪ್ಲೆಂಡರಿನ ತುಂಬಿದ ಟ್ಯಾಂಕಿನ ಮೇಲೆ ಇದು ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಕಡಿತ. ಎಥೆನಾಲ್ ನೀರನ್ನು ಹೀರುವ ಗುಣದ್ದಾದ ಕಾರಣ, ಮಳೆಗಾಲವಿಡೀ ಹಿತ್ತಿಲಲ್ಲಿ ನಿಲ್ಲುವ ಹಳೆಯ ಕಾರ್ಬ್ಯುರೇಟರ್ ಗಾಡಿಯ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಯುವ, ರಬ್ಬರ್ ಕೊಳವೆಗಳು ಬಿರಿಯುವ ಸಂಭವ ಹೆಚ್ಚು. ಅಂಥ ಗಾಡಿಯನ್ನು ನಿಲ್ಲಿಸುವ ಮುನ್ನ ಕಾಕನ್ನು ಆಫ್ ಮಾಡಿ, ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನು ಕೆಳಗಿನ ತಿರುಪು ಸಡಿಲಿಸಿ ಇಳಿಸಿಡಬೇಕು, ಮತ್ತೆ ರಸ್ತೆಗಿಳಿಸುವಾಗ ಹಳೆಯ ಪೆಟ್ರೋಲನ್ನು ಸುಡದೆ ಹೊಸದನ್ನು ತುಂಬಿಸಬೇಕು.