ಅಳೆದರೂ ಕಣ್ಣು ಒಪ್ಪದ ಗೆರೆ

ಒಂದೇ ಉದ್ದದ ಎರಡು ಗೆರೆ ಎಳೆಯಿರಿ. ಮೊದಲನೆಯದರ ಎರಡೂ ತುದಿಗೆ ಬಾಣದ ಮೊನೆ. ಎರಡನೆಯದಕ್ಕೆ ಅದೇ ಮೊನೆಗಳು, ಆದರೆ ತಿರುಗಾ ಮುರುಗಾ, ಹೊರಕ್ಕೆ ಚಾಚಿಕೊಂಡಂತೆ. ಈಗ ನೋಡಿ, ಎರಡನೆಯದೇ ಉದ್ದ ಕಾಣುತ್ತೆ, ಅಲ್ವಾ? ಸ್ಕೇಲ್ ಇಟ್ಟು ಅಳೆಯಿರಿ. ಎರಡೂ ಸಮ! ಮತ್ತೆ ನೋಡಿ. ಈಗಲೂ ಎರಡನೆಯದೇ ಉದ್ದ.

ಜರ್ಮನಿಯ ಮ್ಯುಲರ್-ಲಯರ್ 1889ರಲ್ಲಿ ಪ್ರಕಟಿಸಿದ ಚಿತ್ರ ಇದು. ತತ್ವಶಾಸ್ತ್ರದಲ್ಲಿ ಇದರ ಮೇಲೆ ದೊಡ್ಡ ಜಗಳವೇ ಇದೆ.

ಆಸ್ಟ್ರೇಲಿಯಾದ ಡೇವಿಡ್ ಆರ್ಮ್‌ಸ್ಟ್ರಾಂಗ್ 1960ರ ದಶಕದಲ್ಲಿ ವಾದಿಸಿದರು: ನೋಡುವುದೆಂದರೆ ಇಂದ್ರಿಯಗಳ ಮೂಲಕ ನಂಬಿಕೆ ಪಡೆಯುವುದು. ಹಾಗಾದರೆ, ಗೆರೆ ಸಮ ಅಂತ ಖಚಿತವಾದ ಮೇಲೂ ಕಣ್ಣು ಯಾಕೆ ಹಟ ಬಿಡಲ್ಲ? ಅದಕ್ಕೂ ಅವರ ಬಳಿ ಉತ್ತರವಿತ್ತು: ಅಲ್ಲಿರುವುದು ನಂಬುವ ಕಡೆಗಿನ ಸೆಳೆತ. ನಮಗೆ ಮೊದಲೇ ಗೊತ್ತಿರುವ ಸಂಗತಿ ಅದನ್ನು ತಡೆಹಿಡಿದಿದೆ, ಅಷ್ಟೆ.

ಬ್ರಿಟನ್ನಿನ ಗ್ಯಾರೆತ್ ಇವಾನ್ಸ್ ಒಪ್ಪಲಿಲ್ಲ. 1982ರಲ್ಲಿ ಬಂದ ಅವರ ಪುಸ್ತಕದ ಪ್ರಕಾರ, ಕಾಣುವುದು ನಂಬಿಕೆಗಿಂತ ಮೂಲವಾದ ಸ್ಥಿತಿ. ನಂಬಿಕೆ ಬದಲಾದರೂ ಅದು ತನ್ನ ಪಾಡಿಗೆ ಇರಬಲ್ಲದು.

ನನ್ನ ಮತ ಇವಾನ್ಸ್‌ಗೆ. ಅಳೆದವರಿಗೆ ನಂಬುವ ಸೆಳೆತ ಎಳ್ಳಷ್ಟೂ ಉಳಿದಿರುವುದಿಲ್ಲ. ಆದರೂ ಗೆರೆ ಉದ್ದವಾಗಿಯೇ ಕಾಣುತ್ತೆ. ಕಾಣುವುದು ಬೇರೆ, ನಂಬುವುದು ಬೇರೆ.