ಮುಖ ನೋಡದಿದ್ದರೆ ಅಗೌರವವಲ್ಲ: ಆಟಿಸಂ ಇರುವ ಹದಿಹರೆಯದ ಮಕ್ಕಳ ಬಗ್ಗೆ



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಕ್ಕಳು ವಿದ್ಯಾರ್ಥಿವೇತನಕ್ಕೆ ಸಂದರ್ಶನಕ್ಕೆ ಬರುತ್ತಾರೆ. ಕೆಲವರು ತಲೆ ಎತ್ತುವುದಿಲ್ಲ, ಕಿಟಕಿ ನೋಡುತ್ತಾ ಉತ್ತರಿಸುತ್ತಾರೆ. ಇದನ್ನು ಅಹಂಕಾರ ಅಥವಾ ದಡ್ಡತನ ಎಂದು ತಿಳಿಯುವುದು ಸುಲಭ. ಆಟಿಸಂ ಇರುವ ಮಗುವಿನ ವಿಷಯದಲ್ಲಿ ಅದು ತಪ್ಪು ತೀರ್ಮಾನ.

ಆಟಿಸಂ ಕಾಯಿಲೆಯಲ್ಲ, ಮೆದುಳಿನ ಬೆಳವಣಿಗೆಯಲ್ಲಿ ಹುಟ್ಟಿನಿಂದಲೇ ಇರುವ ಭಿನ್ನತೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಮಿ ಕ್ಲಿನ್ ಮತ್ತು ಸಂಗಡಿಗರು ಸಿನಿಮಾ ನೋಡುವವರ ಕಣ್ಣಿನ ಚಲನೆಯನ್ನು ಅಳೆದರು. ಆಟಿಸಂ ಇದ್ದವರು ಪಾತ್ರಗಳ ಕಣ್ಣಿಗಿಂತ ಬಾಯಿ ಮತ್ತು ವಸ್ತುಗಳ ಮೇಲೆ ಹೆಚ್ಚು ದೃಷ್ಟಿಯಿಟ್ಟರು. ಅವರ ಗಮನ ಬೇರೆಡೆ ಹೋಗಿತ್ತೇ ಹೊರತು ಗಮನವೇ ಇಲ್ಲವೆಂದಲ್ಲ.

ಸಾಮಾಜಿಕ ಆತಂಕ ಬೇರೆಯೇ ವಿಷಯ. 'ಎಲ್ಲರೂ ನನ್ನನ್ನೇ ನೋಡುತ್ತಾರೆ, ನಗುತ್ತಾರೆ' ಎಂಬ ಭಯದಿಂದ ದೃಷ್ಟಿ ತಪ್ಪುತ್ತದೆ. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ಹೈಸ್ಕೂಲು ವಯಸ್ಸಿನಲ್ಲಿ ತಾನು ಇತರರಂತಿಲ್ಲ ಎಂಬುದು ಮಗುವಿಗೆ ಅರಿವಾಗುತ್ತದೆ. ಗೇಲಿಯೂ ಸೇರಿದರೆ ಭಯ ಬಲಿಯುತ್ತದೆ. ಶಾಲೆಗೆ ಹೋಗಲು ಹಟ, ಬೆಳಿಗ್ಗೆ ಹೊಟ್ಟೆನೋವು, ಮದುವೆಮನೆಯಿಂದ ದೂರ ಉಳಿಯುವುದು ಇದರ ಲಕ್ಷಣಗಳಿರಬಹುದು.

ಆದ್ದರಿಂದ 'ನನ್ನ ಮುಖ ನೋಡಿ ಮಾತಾಡು' ಎಂದು ಗದರಿಸಬೇಡಿ. ಕಣ್ಣು ನೋಡುವ ಶ್ರಮಕ್ಕೇ ಮನಸ್ಸು ಖರ್ಚಾದರೆ ಹೇಳಿದ ಮಾತು ತಲೆಗೆ ಹೋಗದು. ಪಕ್ಕದಲ್ಲಿ ಕುಳಿತು ಮಾತಾಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಬರೆದು ತಿಳಿಸಲೂ ಅವಕಾಶ ಕೊಡಿ. ಅತಿಥಿಗಳು ಬರುವುದಿದ್ದರೆ ಮುಂಚೆಯೇ ಹೇಳಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ತಪಾಸಣೆಗೆ ವಿಚಾರಿಸಿ. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೆಚ್ಚುವರಿ ಸಮಯದಂಥ ಸೌಲಭ್ಯಗಳಿಗೆ ಮುಖ್ಯೋಪಾಧ್ಯಾಯರನ್ನು ಮುಂಚಿತವಾಗಿ ಕಾಣಿರಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಶಿಕ್ಷಕರನ್ನು ಕೇಳಿ. ಆತಂಕ ಹೆಚ್ಚಿದ್ದರೆ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ವಿದ್ಯಾರ್ಥಿವೇತನದ ಸೂಚನೆ: ಇಂಥ ಮಗುವಿದ್ದರೆ ಅರ್ಜಿಯ ಜೊತೆಗೆ ಒಂದು ಸಾಲು ಬರೆದು ತಿಳಿಸಿ. ಸಂದರ್ಶನಕ್ಕೆ ತಂದೆ ಅಥವಾ ತಾಯಿ ಜೊತೆಗಿರಬಹುದು. ಉತ್ತರವನ್ನು ಬರೆದೂ ಕೊಡಬಹುದು. ಮುಖ ನೋಡಲಿಲ್ಲವೆಂಬ ಕಾರಣಕ್ಕೆ ಯಾವ ಮಗುವಿನ ಅಂಕವನ್ನೂ ಕಡಿತ ಮಾಡುವುದಿಲ್ಲ. ದಾನಿಗಳ ನೆರವು ಚುರುಕಾಗಿ ಮಾತಾಡುವ ಮಗುವಿಗೆ ಮಾತ್ರವಲ್ಲ, ಮಾತಾಡಲು ಕಷ್ಟಪಡುವ ಮಗುವಿಗೂ ತಲುಪಬೇಕು, ಇನ್ ಶಾ ಅಲ್ಲಾಹ್.